ಮಗ್ಗಿ ಬಾಯಿಗೆ ಬಂದಿದೆ, ಗುಣಾಕಾರ ಕೈಗೆ ಬರುತ್ತಿಲ್ಲ: ಮಗಳಿಗೆ ಹೇಗೆ ಹೇಳಿಕೊಡಲಿ?

ಸಿರುಗುಪ್ಪದ ತಾಯಿ:

ಎಲ್ಲರಿಗೂ ನಮಸ್ಕಾರಗಳು. ನನ್ನ ಮಗಳು ಸಿರುಗುಪ್ಪದಲ್ಲಿಯೇ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿ ಓದುತ್ತಿದ್ದಾಳೆ. ಎರಡರಿಂದ ಹತ್ತರವರೆಗಿನ ಮಗ್ಗಿಗಳನ್ನು ದಿನವೂ ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಅತ್ತೆಯವರ ಮುಂದೆ ಕುಳಿತು ಒಂದೂ ತಪ್ಪಿಲ್ಲದೆ ಹೇಳುತ್ತಾಳೆ. ಆದ್ದರಿಂದ ಗುಣಾಕಾರದ ಬಗ್ಗೆ ಚಿಂತೆಯಿಲ್ಲವೆಂದು ನಾನು ತಿಳಿದುಕೊಂಡಿದ್ದೆ. ಕಳೆದ ವಾರ ಅವಳ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದಾಗ ಹಾಗಲ್ಲವೆಂದು ಗೊತ್ತಾಯಿತು.

ಮೊದಲ ತೊಂದರೆಯೆಂದರೆ, ಮಗ್ಗಿಯನ್ನು ನಡುವಿನಿಂದ ಕೇಳಿದರೆ ಅವಳಿಗೆ ಉತ್ತರ ಬರುವುದಿಲ್ಲ. "ಏಳೆಂಟ್ಲೆ ಎಷ್ಟು?" ಎಂದರೆ "ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು" ಎಂದು ತಳದಿಂದ ಹತ್ತಿಕೊಂಡು ಬಂದು, ಒಂದೊಂದು ಸಾಲಿಗೆ ಒಂದೊಂದು ಬೆರಳು ಮಡಚಿ, ಎಂಟನೆಯ ಬೆರಳಿಗೆ ಐವತ್ತಾರು ಎನ್ನುತ್ತಾಳೆ. ಅದರ ಬೆನ್ನಿಗೇ "ಎಂಟೇಳ್ಲೆ ಎಷ್ಟು?" ಎಂದು ಕೇಳಿದರೆ ಮತ್ತೆ ಎಂಟೊಂದ್ಲೆ ಎಂಟರಿಂದ ಪ್ರಾರಂಭಿಸುತ್ತಾಳೆ. ಈಗ ತಾನೇ ಹೇಳಿದ ಉತ್ತರವೇ ಅದು ಎಂಬುದು ಅವಳಿಗೆ ಹೊಳೆಯುವುದೇ ಇಲ್ಲ.

ಇನ್ನೊಂದು ತೊಂದರೆ ಎರಡಂಕಿಯ ಗುಣಾಕಾರದಲ್ಲಿದೆ. 46ನ್ನು 23ರಿಂದ ಗುಣಿಸಲು ಕೊಟ್ಟಿದ್ದರು. ಮೊದಲ ಸಾಲಿನಲ್ಲಿ 138 ಎಂದು ಸರಿಯಾಗಿಯೇ ಬರೆದು, ಅದರ ಕೆಳಗೆ ನೇರವಾಗಿ 92 ಎಂದು ಬರೆದು, ಎರಡನ್ನೂ ಕೂಡಿಸಿ 230 ಎಂದು ಉತ್ತರ ಕೊಟ್ಟಿದ್ದಾಳೆ. ಪುಸ್ತಕದಲ್ಲಿ ಕೆಂಪು ಶಾಯಿಯ ತಪ್ಪು ಗುರುತು ಇತ್ತೇ ಹೊರತು ಎಲ್ಲಿ ತಪ್ಪಿದಳೆಂದು ಬರೆದಿರಲಿಲ್ಲ. ಅದೇ ಲೆಕ್ಕವನ್ನು ಹತ್ತು ಸಲ ಬರೆದುಕೊಂಡು ಬರಲು ಹೇಳಿ ಕಳಿಸಿದ್ದರು. ಎರಡನೆಯ ಸಾಲಿನಲ್ಲಿ ಒಂದು ಮನೆ ಬಿಟ್ಟು ಬರೆಯಬೇಕು ಎಂದು ನಾನು ಹೇಳಿದೆ. "ಯಾಕವ್ವ, ಯಾಕ ಬಿಡಬೇಕು?" ಎಂದು ಅವಳು ಕೇಳಿದಳು. ನಾನು ಹತ್ತನೆಯ ತರಗತಿಯವರೆಗೆ ಓದಿದವಳು, ಹಾಗೆ ಮನೆ ಬಿಟ್ಟು ಎಷ್ಟೋ ಲೆಕ್ಕ ಮಾಡಿದವಳು. ಆದರೂ ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. "ಹಾಗೇ ಬರೆಯುವುದು" ಎಂದು ಸುಮ್ಮನಾಗಿಸಿದ್ದು ಅಂದಿನಿಂದ ಮನಸ್ಸನ್ನು ಕೊರೆಯುತ್ತಿದೆ. ತಿಳಿದವರು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನಿವೃತ್ತ ಶಿಕ್ಷಕ, ಕೊಪ್ಪಳ:

ತಂಗಿ, ನಿಮ್ಮ ಮಗಳು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ಕೊಪ್ಪಳದ ಸುತ್ತಲಿನ ಹಳ್ಳಿಗಳ ಪ್ರಾಥಮಿಕ ಶಾಲೆಗಳಲ್ಲಿ 31 ವರ್ಷ ಕೆಲಸ ಮಾಡಿದ ನನ್ನ ಮುಂದೆ ಅದನ್ನು ಬಾಯಿಬಿಟ್ಟು ಕೇಳಿದ ಮಕ್ಕಳು ಬೆರಳೆಣಿಕೆಯಷ್ಟು. ಕೇಳಲು ಅಂಜಿ ಅದೇ ತಪ್ಪನ್ನು ಮಾಡುತ್ತಾ ಹೋದವರೇ ಹೆಚ್ಚು.

ಮೊದಲು ಆ 230 ಎಂಬ ಉತ್ತರವನ್ನೇ ಸ್ವಲ್ಪ ನೋಡೋಣ. ಅದು ಎಲ್ಲಿಂದಲೋ ಬಂದು ಬಿದ್ದ ಸಂಖ್ಯೆಯಲ್ಲ. 46ನ್ನು 5ರಿಂದ ಗುಣಿಸಿದರೆ 230 ಬರುತ್ತದೆ. ಮಗು ಒಮ್ಮೆ 3ರಿಂದ, ಇನ್ನೊಮ್ಮೆ 2ರಿಂದ ಗುಣಿಸಿ ಕೂಡಿಸಿದ್ದರಿಂದ, ಒಟ್ಟಿನಲ್ಲಿ ಅವಳು ಮಾಡಿದ್ದು 5ರ ಗುಣಾಕಾರ. ಅವಳ ಮಗ್ಗಿ ತಪ್ಪಿಲ್ಲ, ಕೂಡಿಸಿದ್ದೂ ತಪ್ಪಿಲ್ಲ. 23ರಲ್ಲಿರುವ 2 ಎಂದರೆ ಬರೀ ಎರಡಲ್ಲ, ಎರಡು ಹತ್ತುಗಳು, ಅಂದರೆ ಇಪ್ಪತ್ತು ಎಂಬ ಒಂದೇ ಒಂದು ಸಂಗತಿ ಕೈತಪ್ಪಿದೆ. 46ನ್ನು ಇಪ್ಪತ್ತರಿಂದ ಗುಣಿಸಿದರೆ ಬರುವುದು 920. ನಾವು ಒಂದು ಮನೆ ಬಿಡುವುದೆಂದರೆ, ಆ 920ರ ಕೊನೆಯ ಸೊನ್ನೆಯನ್ನು ಬರೆಯದೆ ಅದರ ಜಾಗವನ್ನು ಮಾತ್ರ ಕಾಯ್ದಿರಿಸುವುದು. ಆ ಮನೆಯಲ್ಲಿ ಕೆಲವರು ಗುಣಾಕಾರದ ಗುರುತು ಹಾಕಿಸುತ್ತಾರೆ, ಕೆಲವರು ಖಾಲಿ ಬಿಡಿಸುತ್ತಾರೆ. ನಾನು ಸೊನ್ನೆಯನ್ನೇ ಬರೆಸುತ್ತಿದ್ದೆ, ಏಕೆಂದರೆ 920 ಎಂದು ಇಡಿಯಾಗಿ ಕಣ್ಣಿಗೆ ಕಂಡರೆ ಅದು ಇಪ್ಪತ್ತರ ಪಾಲು ಎಂಬುದನ್ನು ಮಗು ಮರೆಯುವುದಿಲ್ಲ. 138 ಮತ್ತು 920 ಕೂಡಿದರೆ 1058.

ಆದರೆ ಇದನ್ನು ಮಾತಿನಲ್ಲಿ ಹೇಳಿದರೆ ಸಾಲದು, ಅವಳು ಕಣ್ಣಾರೆ ಕಾಣಬೇಕು. ಅದಕ್ಕೆ ಮೊದಲು ಮಗ್ಗಿಯಿಂದಲೇ ಹೊರಡಿ. ಒಂದು ಅಗಲವಾದ ತಟ್ಟೆಯಲ್ಲಿ ಹುಣಸೆ ಬೀಜಗಳನ್ನು ಸಾಲಿಗೆ 6ರಂತೆ 4 ಸಾಲು ಜೋಡಿಸಲು ಹೇಳಿ. ಬಿಡಿಬಿಡಿಯಾಗಿ ಎಣಿಸಲು ಬಿಡಬೇಡಿ; "ಆರು, ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು" ಎಂದು ಸಾಲುಸಾಲಾಗಿಯೇ ಎಣಿಸಲಿ. ಗುಣಾಕಾರವೆಂದರೆ ಸಮನಾದ ಗುಂಪುಗಳನ್ನು ಮತ್ತೆ ಮತ್ತೆ ಕೂಡುವುದು ಎಂಬುದು ಅಲ್ಲಿ ತಾನಾಗಿಯೇ ತಿಳಿಯುತ್ತದೆ. ಅನಂತರ ಬೀಜಗಳನ್ನು ಮುಟ್ಟದೆ ತಟ್ಟೆಯನ್ನು ಮಾತ್ರ ಕಾಲು ಸುತ್ತು ತಿರುಗಿಸಿ. ಈಗ ಅದು ಸಾಲಿಗೆ 4ರಂತೆ 6 ಸಾಲು. ಒಂದು ಬೀಜವೂ ಹೆಚ್ಚಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ನಾಲ್ಕಾರ್ಲೆ ಮತ್ತು ಆರ್ನಾಲ್ಕ್ಲೆ ಒಂದೇ ಎಂದು ನೂರು ಸಲ ಹೇಳಿದರೂ ನಂಬದ ಮಕ್ಕಳು ಆ ತಟ್ಟೆಯನ್ನು ತಿರುಗಿಸಿದ ಕ್ಷಣದಲ್ಲಿ ನಂಬುವುದನ್ನು ನಾನು ವರ್ಷವರ್ಷವೂ ನೋಡಿದ್ದೇನೆ.

ಇದೊಂದು ತಿಳಿದರೆ ಮಗ್ಗಿಯ ಹೊರೆ ಎಷ್ಟು ಇಳಿಯುತ್ತದೆ ನೋಡಿ. ಒಂದರಿಂದ ಹತ್ತರವರೆಗಿನ ಮಗ್ಗಿಗಳಲ್ಲಿ 100 ಸಾಲುಗಳಿವೆ. ತಿರುಗಿಸಿದರೂ ಅದೇ ಉತ್ತರ ಎಂದು ಗೊತ್ತಾದರೆ ಅವು 55ಕ್ಕೆ ಇಳಿಯುತ್ತವೆ. ಒಂದರ ಮತ್ತು ಹತ್ತರ ಮಗ್ಗಿಗಳನ್ನು ಕಲಿಯಬೇಕಾದದ್ದೇ ಇಲ್ಲವಾದ್ದರಿಂದ 36 ಉಳಿಯುತ್ತವೆ. ಎರಡರ ಮಗ್ಗಿ ಎಂದರೆ ಇಮ್ಮಡಿ, ಐದರ ಮಗ್ಗಿಯನ್ನು ಎಲ್ಲ ಮಕ್ಕಳೂ ಬೇಗ ಹಿಡಿಯುತ್ತಾರೆ. ಅವೆರಡನ್ನೂ ಬಿಟ್ಟರೆ 21. ಒಂಬತ್ತರ ಮಗ್ಗಿಗೆ ಹತ್ತರ ಮಗ್ಗಿಯ ಆಸರೆ ಇದೆ: ಏಳು ಹತ್ತಲೆ ಎಪ್ಪತ್ತು, ಅದರಲ್ಲಿ ಒಂದು ಏಳನ್ನು ಕಳೆದರೆ ಅರವತ್ತಮೂರು. ಅದನ್ನೂ ತೆಗೆದರೆ ಉಳಿಯುವುದು 15 ಮಾತ್ರ, ಮೂರ್ಮೂರ್ಲೆ ಒಂಬತ್ತರಿಂದ ಎಂಟೆಂಟ್ಲೆ ಅರವತ್ತನಾಲ್ಕರವರೆಗೆ. ಮಕ್ಕಳನ್ನು ಕಾಡುವುದು ಆ ಹದಿನೈದೇ, ಅದರಲ್ಲಿಯೂ ಆರೇಳ್ಲೆ, ಆರೆಂಟ್ಲೆ, ಏಳೆಂಟ್ಲೆ. ನಿಮ್ಮ ಮಗಳು ಈ ಹದಿನೈದನ್ನು ಚೀಟಿಗಳಲ್ಲಿ ಬರೆದು, ಕಲಸಿ, ದಿನಕ್ಕೆ ಎರಡೆರಡು ಚೀಟಿ ತೆಗೆದು ಬೀಜದಲ್ಲಿ ಜೋಡಿಸಿ ನೋಡಲಿ.

ಬೀಜಗಳ ಸಾಲು ಮನಸ್ಸಿನಲ್ಲಿ ನಿಂತ ಮೇಲೆ ಚೌಕುಳಿ ಹಾಳೆಗೆ ಬನ್ನಿ. ಉದ್ದಕ್ಕೆ 46 ಮನೆ, ಅಗಲಕ್ಕೆ 23 ಮನೆ ಇರುವ ಆಯತವನ್ನು ಬರೆಸಿ. ಒಂದು ಹಾಳೆ ಸಾಲದಿದ್ದರೆ ಎರಡನ್ನು ಅಂಟಿಸಿ. 46ನ್ನು 40 ಮತ್ತು 6 ಆಗಿ, 23ನ್ನು 20 ಮತ್ತು 3 ಆಗಿ ಗೆರೆ ಎಳೆದು ಒಡೆಯಿರಿ. ಆಯತ ನಾಲ್ಕು ತುಂಡಾಗುತ್ತದೆ: 800, 120, 120 ಮತ್ತು 18. ಮೂರರ ಪಟ್ಟಿಯಲ್ಲಿರುವ 120 ಮತ್ತು 18 ಸೇರಿದರೆ ಅವಳು ಸರಿಯಾಗಿ ಬರೆದ 138. ಇಪ್ಪತ್ತರ ಪಟ್ಟಿಯಲ್ಲಿರುವ 800 ಮತ್ತು 120 ಸೇರಿದರೆ 920. ಅವಳು ಬರೆದ 92 ಆ ದೊಡ್ಡ ಪಟ್ಟಿಯಲ್ಲಿ ಎಷ್ಟು ಸಣ್ಣ ಮೂಲೆ ಎಂಬುದನ್ನು ಬಣ್ಣ ತುಂಬಿಸಿ ತೋರಿಸಿ.

ನೀವು ಹೊಲ ಇರುವ ಮನೆಯವರಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಾಲಡಿಯಲ್ಲಿಯೇ ಇದೆ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅದನ್ನು 30 ಮತ್ತು 3 ಎಂದು ಎರಡೂ ಕಡೆ ಒಡೆದರೆ 900, 90, 90 ಮತ್ತು 9. ಒಟ್ಟು 1089 ಚದರ ಅಡಿ. ನಿಮ್ಮ ಯಜಮಾನರಿಗೆ 1089 ಎಂಬ ಸಂಖ್ಯೆ ಗೊತ್ತಿದ್ದೇ ಇರುತ್ತದೆ; ಅದು ಎಲ್ಲಿಂದ ಬಂತು ಎಂಬುದನ್ನು ಮಗಳೇ ಅವರಿಗೆ ಲೆಕ್ಕ ಮಾಡಿ ತೋರಿಸಲಿ.

ಗಂಗಾವತಿ ಗುಮಾಸ್ತ:

ಗುರುಗಳು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಮಾತನ್ನು ಸೇರಿಸಲೇಬೇಕು. ನಾನು ಗಂಗಾವತಿಯಲ್ಲಿ ಭತ್ತದ ದಲಾಲಿ ಅಂಗಡಿಯೊಂದರಲ್ಲಿ ಬಹಳ ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಈಗ ಎಲ್ಲರ ಕೈಯಲ್ಲಿಯೂ ಕ್ಯಾಲ್ಕುಲೇಟರ್ ಇದ್ದರೂ, ಸುಗ್ಗಿಯಲ್ಲಿ ತೂಕದ ಕಾಟದ ಮುಂದೆ ನಿಂತಾಗ ಬಾಯಿಪಾಠದ ಮಗ್ಗಿಯೇ ಕೈ ಹಿಡಿಯುತ್ತದೆ. ಆದ್ದರಿಂದ, ತಂಗಿ, ಸಂಜೆ ದೀಪದ ಮುಂದೆ ಹೇಳಿಸುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಹೇಳಿಸುವ ಕ್ರಮವನ್ನು ಮಾತ್ರ ಬದಲಿಸಿ. ನಮ್ಮ ತಂದೆ ನಮಗೆ ಮಗ್ಗಿಯನ್ನು ಒಂದು ದಿನ ನೆಟ್ಟಗೆ ಹೇಳಿಸಿದರೆ ಮರುದಿನ ಉಲ್ಟಾ ಹೇಳಿಸುತ್ತಿದ್ದರು: ಏಳು ಹತ್ತಲೆ ಎಪ್ಪತ್ತು, ಏಳೊಂಬತ್ಲೆ ಅರವತ್ತಮೂರು, ಏಳೆಂಟ್ಲೆ ಐವತ್ತಾರು. ಮೇಲಿನಿಂದ ಇಳಿಯಲು ಕಲಿತವನಿಗೆ ಏಳೆಂಟ್ಲೆ ತಲುಪಲು ಎರಡೇ ಮೆಟ್ಟಿಲು ಸಾಕು; ತಳದಿಂದ ಎಂಟು ಮೆಟ್ಟಿಲು ಹತ್ತಬೇಕಾಗಿಲ್ಲ. ನೀರು ತರಲು ಹೋಗುವಾಗ, ಬಸ್ಸು ಕಾಯುವಾಗ ಥಟ್ಟನೆ ನಡುವಿನಿಂದಲೂ ಕೇಳುತ್ತಿದ್ದರು. ಅವರ ಕಾಲದವರು ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಬಾಯಿಪಾಠ ಮಾಡುತ್ತಿದ್ದರು. ಅದು ನಮ್ಮ ಕೆಲಸದಲ್ಲಿ ಇಂದಿಗೂ ಉಪಯೋಗಕ್ಕೆ ಬರುತ್ತದೆ. ನಮ್ಮ ಕಡೆ ಭತ್ತವನ್ನು 75 ಕಿಲೋ ಚೀಲದ ಲೆಕ್ಕದಲ್ಲಿ ಮಾರುತ್ತಾರಲ್ಲವೇ? ಸಾಲಿಗೆ 8 ಚೀಲದಂತೆ 6 ಸಾಲು ಎತ್ತರಕ್ಕೆ ಒಟ್ಟಿದ್ದರೆ ಆರೆಂಟ್ಲೆ ನಲವತ್ತೆಂಟು ಚೀಲ. 75 ಕಿಲೋ ಎಂದರೆ ಮುಕ್ಕಾಲು ಕ್ವಿಂಟಲ್, 48ರ ಮುಕ್ಕಾಲು 36; ಅಂದರೆ 36 ಕ್ವಿಂಟಲ್. ಪೆನ್ನು ತೆಗೆಯುವ ಮೊದಲೇ ಲೆಕ್ಕ ಮುಗಿದಿರುತ್ತದೆ.

ಆ 46 ಮತ್ತು 23ರ ಲೆಕ್ಕವನ್ನು ಓದಿದಾಗ ನನಗೆ ನಮ್ಮ ಅಂಗಡಿಯ ಪಟ್ಟಿಯೇ ನೆನಪಾಯಿತು. ಲೆಕ್ಕಕ್ಕೆಂದು ಚೀಲಕ್ಕೆ 2,300 ರೂಪಾಯಿ ದರ ಎಂದುಕೊಳ್ಳಿ. ರೈತರೊಬ್ಬರು 46 ಚೀಲ ತಂದಿದ್ದಾರೆ. ಅವರಿಗೆ ಬರಬೇಕಾದದ್ದು 1,05,800 ರೂಪಾಯಿ. ಮಗು ಮಾಡಿದಂತೆ ನಾನು ಮಾಡಿದರೆ ಪಟ್ಟಿಯಲ್ಲಿ 23,000 ಎಂದು ಬರುತ್ತದೆ, ಚೀಲಕ್ಕೆ 500 ರೂಪಾಯಿ ದರ ಕಟ್ಟಿದಂತೆ. ಒಂದು ಮನೆ ಬಿಡದಿದ್ದಕ್ಕೆ ಆ ರೈತರ ಕೈಗೆ 82,800 ರೂಪಾಯಿ ಕಡಿಮೆ ಬರುತ್ತದೆ. ಆದ್ದರಿಂದಲೇ ನಾವು ಪಟ್ಟಿ ಬರೆಯುವ ಮೊದಲು ಮನಸ್ಸಿನಲ್ಲಿ ಅಂದಾಜು ಹಾಕಿಕೊಳ್ಳುತ್ತೇವೆ: 46 ಎಂದರೆ ಹೆಚ್ಚೂಕಡಿಮೆ 50, ಐವತ್ತಕ್ಕೆ ಎರಡು ಸಾವಿರದಂತೆ ಒಂದು ಲಕ್ಷ, ಉತ್ತರ ಅದರ ಆಸುಪಾಸಿನಲ್ಲಿ ಇರಲೇಬೇಕು. ಮಗಳಿಗೆ ಗುಣಿಸುವುದಕ್ಕೂ ಮೊದಲು ಈ ಅಂದಾಜನ್ನು ಪುಸ್ತಕದ ಅಂಚಿನಲ್ಲಿ ಬರೆಯಲು ಹೇಳಿ. ಐವತ್ತು ಇಪ್ಪತ್ಲೆ ಸಾವಿರ ಎಂದು ಅಂಚಿನಲ್ಲಿ ಬರೆದವಳು 230 ಎಂಬ ಉತ್ತರವನ್ನು ತಾನೇ ಒಪ್ಪುವುದಿಲ್ಲ.

ರಾಯಚೂರಿನ ಓದುಗ:

ನನ್ನ ಮಗನದೂ ಇದೇ ಕಥೆಯಾಗಿತ್ತು, ಆದರೆ ಕಾರಣ ಬೇರೆ ಇತ್ತು. ಅವನು ಶಾಲೆಯಲ್ಲಿ "ಟೂ ಟೂ ಝ ಫೋರ್" ಎಂದು ಇಂಗ್ಲಿಷಿನಲ್ಲಿ ಕಲಿಯುತ್ತಾನೆ, ಮನೆಯಲ್ಲಿ ಅವನ ಅಜ್ಜಿ "ರೆಂಡು ರೆಂಡ್ಲ ನಾಲುಗು" ಎಂದು ತೆಲುಗಿನಲ್ಲಿ ಹೇಳಿಸುತ್ತಾರೆ, ಓಣಿಯ ಗೆಳೆಯರು "ದೋ ದೂನಿ ಚಾರ್" ಎನ್ನುತ್ತಾರೆ, ನಾನು ಕನ್ನಡದಲ್ಲಿ ಕೇಳುತ್ತೇನೆ. ರಾಯಚೂರಿನಲ್ಲಿ ಬೆಳೆಯುವ ಮಗುವಿಗೆ ಇದು ಭಾಗ್ಯವೇ ಸರಿ, ಆದರೆ ಮಗ್ಗಿಯ ಮಟ್ಟಿಗೆ ಅವನು ಪ್ರತಿ ಉತ್ತರವನ್ನೂ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊತ್ತು ತರಬೇಕಾಗುತ್ತಿತ್ತು. ಕೊನೆಗೆ, ನೆನಪಿಟ್ಟುಕೊಳ್ಳುವುದಕ್ಕೆ ಒಂದೇ ಭಾಷೆ, ವಿವರಿಸುವುದಕ್ಕೆ ಯಾವ ಭಾಷೆಯಾದರೂ ಸರಿ ಎಂದು ಮನೆಯವರೆಲ್ಲರೂ ಒಪ್ಪಿಕೊಂಡೆವು. ನಿಮ್ಮ ಮಗಳು ಕನ್ನಡ ಮಾಧ್ಯಮದಲ್ಲಿಯೇ ಓದುತ್ತಿರುವುದರಿಂದ ಆ ಗೊಂದಲವಿಲ್ಲ. ಅಷ್ಟೇ ಅಲ್ಲ, ಅವಳಿಗೆ ಒಂದು ದೊಡ್ಡ ಅನುಕೂಲವೂ ಇದೆ.

ಕನ್ನಡದ ಸಂಖ್ಯೆಗಳ ಹೆಸರಿನಲ್ಲಿಯೇ ಹತ್ತರ ಗುಣಾಕಾರ ಅಡಗಿದೆ. ಹಳಗನ್ನಡದಲ್ಲಿ ಹತ್ತಕ್ಕೆ ಪತ್ತು ಎನ್ನುತ್ತಿದ್ದರು. ಎರಡು ಪತ್ತು ಇಪ್ಪತ್ತಾಯಿತು, ಮೂರು ಪತ್ತು ಮೂವತ್ತು, ನಾಲ್ಕು ಪತ್ತು ನಲವತ್ತು, ಐದು ಪತ್ತು ಐವತ್ತು, ಆರು ಪತ್ತು ಅರವತ್ತು. ತೊಂಬತ್ತು ಮಾತ್ರ ಸ್ವಲ್ಪ ಬೇರೆ ದಾರಿ ಹಿಡಿದಿದೆ. ಇನ್ನೂರು, ಮುನ್ನೂರು, ನಾನ್ನೂರು, ಐನೂರು ಎಂಬಲ್ಲಿಯೂ ಅದೇ ಕ್ರಮ. "ಇಪ್ಪತ್ಮೂರು" ಎಂದು ಬಾಯಿಬಿಟ್ಟು ಹೇಳಿದರೆ ಎರಡು ಹತ್ತು ಮತ್ತು ಮೂರು ಎಂಬುದು ಕಿವಿಗೇ ಕೇಳುತ್ತದೆ. ಅದೇ ಮಗು ಪುಸ್ತಕದಲ್ಲಿ 23 ಎಂಬ ಅಂಕಿಗಳನ್ನು ನೋಡಿದಾಗ ಕಣ್ಣಿಗೆ ಕಾಣುವುದು ಬರೀ 2 ಮತ್ತು 3. ಹಾಗಾಗಿ ನಾನು ಮಗನಿಗೆ ಕೆಲವು ದಿನ ಪೆನ್ಸಿಲ್ಲನ್ನೇ ಕೊಡದೆ ಬಾಯಿಲೆಕ್ಕ ಮಾಡಿಸಿದೆ. ನಲವತ್ತಾರನ್ನು ಮೂರರಿಂದ ಗುಣಿಸುವಾಗ ಬರವಣಿಗೆಯಂತೆ ಬಿಡಿಯಿಂದ ಹೊರಡದೆ, ಮಾತಿನಂತೆ ದೊಡ್ಡದರಿಂದ ಹೊರಡಬೇಕು: ನಲವತ್ತು ಮೂರ್ಲೆ ನೂರ ಇಪ್ಪತ್ತು, ಆರ್ಮೂರ್ಲೆ ಹದಿನೆಂಟು, ಒಟ್ಟು ನೂರ ಮೂವತ್ತೆಂಟು. ಹೀಗೆ ಮಾಡಿದಾಗ ದಶಕವನ್ನು ಕೈಯಲ್ಲಿ ಹಿಡಿದು ಮುಂದಿನ ಮನೆಗೆ ಸಾಗಿಸುವ ಗೋಜೇ ಇರುವುದಿಲ್ಲ. ವಾರ ಕಳೆದ ಮೇಲೆ ಪೆನ್ಸಿಲ್ ಕೊಟ್ಟಾಗ ಅವನ ಎರಡನೆಯ ಸಾಲು ತಪ್ಪುವುದು ಬಹುಮಟ್ಟಿಗೆ ನಿಂತಿತು.

ಸಿರುಗುಪ್ಪದ ತಾಯಿ:

ಗುರುಗಳಿಗೆ, ಗಂಗಾವತಿಯ ಅಣ್ಣನವರಿಗೆ ಮತ್ತು ರಾಯಚೂರಿನವರಿಗೆ ನನ್ನ ನಮಸ್ಕಾರಗಳು. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಮಾಡಿ ನೋಡಿಯೇ ಬರೆಯಬೇಕೆಂದು ಕಾಯ್ದೆ.

ತಟ್ಟೆಯನ್ನು ತಿರುಗಿಸಿದ್ದು ಗುರುಗಳು ಹೇಳಿದಂತೆಯೇ ಆಯಿತು. ಅವಳು ನನ್ನ ಕೈಯಿಂದ ತಟ್ಟೆಯನ್ನು ಕಸಿದುಕೊಂಡು ತಾನೇ ನಾಲ್ಕು ಸಲ ತಿರುಗಿಸಿದಳು. ಮರುದಿನ ಏಳೆಂಟ್ಲೆಯ ಚೀಟಿ ಬಂತು. ಮನೆಯ ಮುಂದಿನ ಕಟ್ಟೆಯ ಮೇಲೆ ಸಾಲಿಗೆ 8 ಬೀಜದಂತೆ 7 ಸಾಲು ಜೋಡಿಸಿದಳು. ಸ್ವಲ್ಪ ಹೊತ್ತು ನೋಡುತ್ತಾ ಕುಳಿತು, ಒಂದು ಕಸಬರಿಗೆ ಕಡ್ಡಿಯನ್ನು ತಂದು ಐದನೆಯ ಸಾಲಿನ ಕೆಳಗೆ ಅಡ್ಡ ಇಟ್ಟಳು. "ಮ್ಯಾಲ ಐದೆಂಟ್ಲೆ ನಲವತ್ತು, ಕೆಳಗ ಎರಡೆಂಟ್ಲೆ ಹದಿನಾರು" ಎಂದಳು. ಆ ಕಡ್ಡಿ ಇಡುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ಏಳೆಂಟ್ಲೆಗೆ ಬೆರಳು ಮಡಚಿಲ್ಲ. ಆರೇಳ್ಲೆ ಇನ್ನೂ ಕೈಕೊಡುತ್ತದೆ. ಅದಕ್ಕೂ ಕಡ್ಡಿಯನ್ನೇ ಹುಡುಕುತ್ತಾಳೆ.

ಗುಂಟೆಯ ಲೆಕ್ಕವನ್ನು ಅವರಪ್ಪನ ಮುಂದೆ ಮಾಡಿದಳು. 1089 ಬಂದದ್ದನ್ನು ಕಂಡು ಅವರು ಬಹಳ ಸಂತೋಷಪಟ್ಟು, ಹಾಗಾದರೆ 40 ಗುಂಟೆಯ ಎಕರೆಗೆ ಎಷ್ಟು ಎಂದು ಕೇಳಿದರು. ಅವಳು 4ರಿಂದ ಗುಣಿಸಿ 4356 ಎಂದು ಬರೆದು, ಕ್ಷಣ ತಡೆದು, ಕೊನೆಗೊಂದು ಸೊನ್ನೆ ಸೇರಿಸಿದಳು. "ನಾಲ್ಕಲ್ಲಪ್ಪ, ನಾಲ್ಕು ಹತ್ತು" ಎಂದಳು. 43,560 ಸರಿಯಾದ ಉತ್ತರವೆಂದು ಅವರು ಹೇಳಿದರು. ಅಂಚಿನಲ್ಲಿ ಅಂದಾಜು ಬರೆಯಲು ಮಾತ್ರ ಅವಳಿಗೆ ಬೇಸರ, ದಿನವೂ ನೆನಪಿಸಬೇಕು. ಈಗ ಮೂರಂಕಿಯ ಲೆಕ್ಕ ಬೇಕೆಂದು ಕೇಳುತ್ತಿದ್ದಾಳೆ. ಉತ್ತರ ಸರಿಯೋ ತಪ್ಪೋ ಎಂದು ಅವಳೇ ಕಂಡುಕೊಳ್ಳುವಂಥ ಲೆಕ್ಕಗಳಿದ್ದರೆ ದಯವಿಟ್ಟು ಕೊಡಿ, ಗುರುಗಳೇ.

ನಿವೃತ್ತ ಶಿಕ್ಷಕ, ಕೊಪ್ಪಳ:

ಓದಿ ಕಣ್ಣು ತುಂಬಿತು, ತಂಗಿ. ಆ ಕಡ್ಡಿಯನ್ನು ತಾನಾಗಿ ಇಟ್ಟಳಲ್ಲ, ಅದರ ಮುಂದೆ ನಾನು ಕೊಟ್ಟ ಚೌಕುಳಿ ಹಾಳೆ ಸಣ್ಣದು. ಗಂಗಾವತಿಯವರು ಹೇಳಿದ್ದೂ ಸರಿ. ಬೀಜ ಮತ್ತು ಬಾಯಿಪಾಠ ಎರಡೂ ನಡೆಯಲಿ, ಉಲ್ಟಾ ಮಗ್ಗಿಯನ್ನು ಖಂಡಿತ ಹೇಳಿಸಿ.

ನೀವು ಕೇಳಿದಂಥ ಲೆಕ್ಕಗಳನ್ನು ನಮ್ಮ ನಾಡಿನ ಮಹಾವೀರಾಚಾರ್ಯರೇ ಕೊಟ್ಟುಹೋಗಿದ್ದಾರೆ. ಒಂಬತ್ತನೆಯ ಶತಮಾನದಲ್ಲಿ, ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞರು ಅವರು. ಆ ಕಾಲಕ್ಕೆ ನಮ್ಮ ಕೊಪ್ಪಳವೂ ಕೊಪಣ ಎಂಬ ಹೆಸರಿನ ದೊಡ್ಡ ಜೈನ ಕ್ಷೇತ್ರವಾಗಿತ್ತು. ಅವರ ಗಣಿತಸಾರಸಂಗ್ರಹದಲ್ಲಿ ಗುಣಲಬ್ಧವು ಕೊರಳ ಹಾರದಂತೆ ಎರಡೂ ತುದಿಗಳಿಂದ ಒಂದೇ ರೀತಿ ಕಾಣುವ ಲೆಕ್ಕಗಳಿವೆ. ಮೊದಲು 139ನ್ನು 109ರಿಂದ ಗುಣಿಸಲು ಕೊಡಿ. ನಡುವೆ ಸೊನ್ನೆ ಇರುವುದರಿಂದ ಮನೆ ಬಿಡುವುದು ನಿಜವಾಗಿಯೂ ತಿಳಿದಿದೆಯೇ ಎಂಬುದೂ ಗೊತ್ತಾಗುತ್ತದೆ. ಅದು ಬಂದ ಮೇಲೆ ಒಂದು ಭಾನುವಾರ ಬಿಡುವಾಗಿ ಕುಳಿತು 1,52,207ನ್ನು 73ರಿಂದ ಗುಣಿಸಲಿ. ಉತ್ತರವನ್ನು ನಾನು ಬರೆಯುವುದಿಲ್ಲ, ಬಂದಾಗ ಅವಳಿಗೇ ತಿಳಿಯುತ್ತದೆ.

ಸಿರುಗುಪ್ಪದ ತಾಯಿ:

ಗುರುಗಳೇ, ಇಂದು ಸಂಜೆ 139 ಮತ್ತು 109ರ ಲೆಕ್ಕ ಮಾಡಿದಳು. ಮೊದಲ ಸಲ ನಡುವಿನ ಸೊನ್ನೆಯನ್ನು ಗಮನಿಸದೆ, ಒಂದೇ ಮನೆ ಬಿಟ್ಟು ಬರೆದು 2641 ತಂದಳು. ಹಿಂದಿನಿಂದ ಓದಿ ನೋಡಿ, "ಇದು ಹಾರ ಅಲ್ಲ" ಎಂದು ತಾನೇ ಅಳಿಸಿದಳು. ಎರಡನೆಯ ಸಲ 1251ರ ಕೆಳಗೆ 13900 ಎಂದು ಸೊನ್ನೆಗಳ ಸಮೇತ ಬರೆದಳು. 15151 ಬಂದಾಗ ಪುಸ್ತಕವನ್ನು ಎತ್ತಿಕೊಂಡು ಅಜ್ಜಿಗೆ ತೋರಿಸಲು ಒಳಗೆ ಓಡಿದಳು.